ಸಿಬಿಟಿ: ಆಲೋಚನೆಯನ್ನು ಬರೆದು ಪರೀಕ್ಷಿಸುವ ಚಿಕಿತ್ಸೆ

ಅರಿವು-ವರ್ತನಾ ಚಿಕಿತ್ಸೆ, ಅಂದರೆ ಆಸ್ಪತ್ರೆಗಳಲ್ಲಿ ಸಿಬಿಟಿ ಎಂದೇ ಕರೆಯಲಾಗುವ ಮಾತಿನ ಚಿಕಿತ್ಸೆಯು, ಆಲೋಚನೆ, ಭಾವನೆ, ದೇಹಸ್ಥಿತಿ ಮತ್ತು ನಡವಳಿಕೆಗಳು ಒಂದನ್ನೊಂದು ಎಳೆಯುತ್ತವೆ ಎಂಬ ತಿಳಿವಳಿಕೆಯ ಮೇಲೆ ನಿಂತಿದೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಗಾಗಿ ರೂಪಿಸಿದ ಈ ಕ್ರಮವನ್ನು ಇಂದು ಆತಂಕ, ಗೀಳು ಕಾಯಿಲೆ, ಹಠಾತ್ತನೆ ಎದೆ ಬಡಿದುಕೊಂಡು ಸಾಯುವ ಭಯ ಹುಟ್ಟಿಸುವ ಪ್ಯಾನಿಕ್ ತೊಂದರೆ ಮತ್ತು ಬಹುಕಾಲದ ನಿದ್ರಾಹೀನತೆಗಳಿಗೂ ಬಳಸಲಾಗುತ್ತದೆ.

ಈ ಚಿಕಿತ್ಸೆ ಬೇಕೆನಿಸಿದರೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಅಥವಾ ಸೊರಬದವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನವನ್ನು ವಿಚಾರಿಸಬೇಕು, ಇಲ್ಲವೇ ಹಗಲಿರುಳು ಉಚಿತವಾಗಿ ದೊರೆಯುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಸರದಿಗಾಗಿ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆ ಶುರುವಾದ ಮೇಲೆ ಮುಖ್ಯ ಕೆಲಸ ನಡೆಯುವುದು ಮನೆಯಲ್ಲಿ, ಒಂದು ನೋಟ್‌ಬುಕ್ಕಿನಲ್ಲಿ. ಶುಂಠಿಗೆ ಕೊಳೆರೋಗ ಬಂದು ಬೆಳೆ ಕಳೆದುಕೊಂಡ ರೈತರೊಬ್ಬರು ಸಂತೆಗೆ ಹೋಗುವುದನ್ನೇ ಬಿಟ್ಟಿದ್ದಾರೆ ಎಂದು ಭಾವಿಸಿದರೆ, ಅವರು ಮೊದಲ ಕಾಲಮಿನಲ್ಲಿ ಸಂದರ್ಭವನ್ನು, ಎರಡನೆಯದರಲ್ಲಿ 'ಇನ್ನು ನನ್ನ ಕೈಲಿ ಏನೂ ಆಗುವುದಿಲ್ಲ' ಎಂದು ಆಗ ಹೊಳೆದ ಮಾತನ್ನು, ಮೂರನೆಯದರಲ್ಲಿ ದುಃಖದ ತೀವ್ರತೆಯನ್ನು ನೂರಕ್ಕೆ ಇಷ್ಟು ಎಂದು ಬರೆಯುತ್ತಾರೆ. ಆನಂತರ ಚಿಕಿತ್ಸಕರೊಂದಿಗೆ ಕುಳಿತು ಆ ಮಾತಿಗೆ ಪರವಾದ ಮತ್ತು ವಿರುದ್ಧವಾದ ಪುರಾವೆಗಳನ್ನು ಪಟ್ಟಿ ಮಾಡಿದಾಗ, ಬೆಳೆ ಹೋದದ್ದೂ ಸಾಲ ಇರುವುದೂ ನಿಜ, ಆದರೆ ಗದ್ದೆಯ ಕೆಲಸ ಈಗಲೂ ಅವರಿಂದಲೇ ನಡೆಯುತ್ತಿದೆ ಎಂಬುದು ಕಾಣುತ್ತದೆ. ಇರುವ ಕಷ್ಟವನ್ನು ಅಲ್ಲಗಳೆಯದೆ ಅದಕ್ಕೆ ಅಂಟಿಕೊಂಡ ತೀರ್ಪನ್ನಷ್ಟೇ ಪರೀಕ್ಷಿಸುವುದರಿಂದ, ಇದನ್ನು ಬರೀ ಧೈರ್ಯ ಹೇಳುವ ಮಾತೆಂದು ತಿಳಿಯುವುದು ತಪ್ಪು.

ಆಲೋಚನೆಯಷ್ಟೇ ಬದಲಾದರೆ ಸಾಲದು. ಖಿನ್ನತೆಯಲ್ಲಿ ಮನಸ್ಸು ಬರಲೆಂದು ಕಾಯದೆ ದಿನಕ್ಕೊಂದು ಸಣ್ಣ ಕೆಲಸವನ್ನು ಹೊತ್ತು ಗೊತ್ತುಮಾಡಿಕೊಂಡು ಮಾಡಬೇಕಾಗುತ್ತದೆ. ಪ್ಯಾನಿಕ್ಕಿನಿಂದ ಬಸ್ಸು ಹತ್ತಲು ಹೆದರುವವರು, ಹೃದಯದ ತೊಂದರೆ ಇಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆ, ಮೊದಲು ನಿಲ್ದಾಣದಲ್ಲಿ ನಿಂತು, ಬಳಿಕ ಮುಂದಿನ ಸ್ಟಾಪಿನವರೆಗೆ ಹೋಗಿ, ಕೊನೆಗೆ ಸೊರಬದಿಂದ ಸಾಗರದವರೆಗೆ ಪ್ರಯಾಣಿಸುವಂತೆ, ಭಯ ತಾನಾಗಿ ಇಳಿಯುವುದನ್ನು ಪ್ರತಿ ಹಂತದಲ್ಲೂ ಕಂಡುಕೊಳ್ಳುತ್ತಾ ಮುಂದುವರಿಯುತ್ತಾರೆ.

ಸಾಮಾನ್ಯವಾಗಿ ವಾರಕ್ಕೊಂದರಂತೆ 6ರಿಂದ 20 ಭೇಟಿಗಳು ಬೇಕಾಗುತ್ತವೆ. ಭೇಟಿಗಾಗಿ ಶಿವಮೊಗ್ಗಕ್ಕೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆಯೇ ಆದ್ದರಿಂದ, ಕೆಲವು ಭೇಟಿಗಳನ್ನು ಫೋನಿನಲ್ಲಿ ನಡೆಸಲಾಗುವುದೇ ಎಂದು ಮೊದಲ ದಿನವೇ ಕೇಳಿಕೊಳ್ಳುವುದು ಒಳ್ಳೆಯದು. ಮಾತ್ರೆ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು. ಸ್ಕಿಜೋಫ್ರೀನಿಯಾದಂಥ ಕಾಯಿಲೆಯಲ್ಲಿ ಸಿಬಿಟಿ ಔಷಧದ ಜೊತೆಗೆ ನಡೆಯಬೇಕೇ ಹೊರತು ಅದರ ಬದಲಿಗಲ್ಲ.