ಮೇಲಿನ ಕೋರ್ಟ್ ತೀರ್ಪು ಬದಲಿಸಿದರೆ ಕೆಳಗಿನ ತೀರ್ಪು ತಪ್ಪೆಂದೇ ಅರ್ಥವೇ?

ಪ್ರಶ್ನೆ: ಒಂದು ಕೋರ್ಟ್ ಕೊಟ್ಟ ತೀರ್ಪನ್ನು ಮೇಲಿನ ಕೋರ್ಟ್ ಬದಲಿಸಿತೆಂದು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಹಾಗಾದರೆ ಮೊದಲಿನ ನ್ಯಾಯಾಧೀಶರು ಎಡವಿದ್ದರೇ? ಮೇಲ್ಮನವಿಯಲ್ಲಿ ಸಾಕ್ಷಿಗಳನ್ನೆಲ್ಲ ಮತ್ತೆ ಕರೆಸುತ್ತಾರೆಯೇ?
– ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ಸಾಕ್ಷಿಗಳನ್ನು ಸಾಮಾನ್ಯವಾಗಿ ಮತ್ತೆ ಕರೆಸುವುದಿಲ್ಲ. ಕೆಳಗಿನ ಕೋರ್ಟಿನ ಕಡತ ಮೇಲಕ್ಕೆ ಹೋಗುತ್ತದೆ. ಅದರಲ್ಲಿರುವ ಹೇಳಿಕೆ, ದಾಖಲೆಗಳ ಮೇಲೆಯೇ ವಾದ ನಡೆಯುತ್ತದೆ. ಇನ್ನು ತೀರ್ಪು ಬದಲಾಗುವ ಕಾರಣ ಎಲ್ಲ ಕಡೆ ಒಂದೇ ಅಲ್ಲ. ನಮ್ಮೂರಿನ ಪ್ರಕರಣಗಳನ್ನೇ ನೋಡಿ.

2010ರ ಮೇ 22ರಂದು ಬಜ್ಪೆಯ ವಿಮಾನ ದುರಂತದಲ್ಲಿ 158 ಮಂದಿ ತೀರಿಕೊಂಡರು. ಪರಿಹಾರ ಕೋರಿ ಕಾಸರಗೋಡು ಕಡೆಯ ಕುಟುಂಬವೊಂದು ಕೇರಳ ಹೈಕೋರ್ಟಿಗೆ ಹೋಯಿತು. ವಿಮಾನ ಪ್ರಯಾಣಿಕರ ಪರಿಹಾರದ ಕುರಿತ ಮಾಂಟ್ರಿಯಲ್ ಒಪ್ಪಂದದಂತೆ ಕನಿಷ್ಠ ಒಂದು ಲಕ್ಷ ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ), ಅಂದಿನ ಲೆಕ್ಕದಲ್ಲಿ ಸುಮಾರು 75 ಲಕ್ಷ ರೂಪಾಯಿ, ಕೊಡಲೇಬೇಕೆಂದು 2011ರ ಜುಲೈಯಲ್ಲಿ ಏಕಸದಸ್ಯ ಪೀಠ ಹೇಳಿತು. ಮರುತಿಂಗಳು ವಿಭಾಗೀಯ ಪೀಠ ಅದನ್ನು ರದ್ದುಪಡಿಸಿತು. ‘ತಪ್ಪು ನಮ್ಮದಲ್ಲ’ ಎಂದು ವಿಮಾನ ಕಂಪನಿ ನುಣುಚಿಕೊಳ್ಳಲಾಗದ ಮಿತಿ ಅದು, ಎಲ್ಲರಿಗೂ ಕೊಡಬೇಕಾದ ಕನಿಷ್ಠ ಮೊತ್ತವಲ್ಲ, ಆದ ನಷ್ಟವನ್ನು ತೋರಿಸಬೇಕು ಎಂಬುದು ಆ ಪೀಠದ ನಿಲುವು. ಸತ್ಯಾಂಶದ ಬಗ್ಗೆ ಎರಡೂ ಪೀಠಗಳಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಒಂದೇ ನಿಯಮವನ್ನು ಎರಡು ರೀತಿ ಓದಿದವು, ಅಷ್ಟೇ.

ಅದೇ ದುರಂತದ ಇನ್ನೊಂದು ಪ್ರಕರಣದಲ್ಲಿ ಬದಲಾದದ್ದು ಲೆಕ್ಕ. ದುಬೈಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರೊಬ್ಬರ ಕುಟುಂಬಕ್ಕೆ ರಾಷ್ಟ್ರೀಯ ಗ್ರಾಹಕ ಆಯೋಗ ಸುಮಾರು 7.35 ಕೋಟಿ ರೂಪಾಯಿ ಪರಿಹಾರ ನಿಗದಿ ಮಾಡಿತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸುಮಾರು 7.64 ಕೋಟಿಗೆ ಏರಿಸಿತು. ಕೆಲಸ ಕೊಟ್ಟ ಕಂಪನಿ ಸಂಬಳವನ್ನು ಬೇರೆ ಬೇರೆ ಭತ್ಯೆಗಳಾಗಿ ಹಂಚಿದ ಮಾತ್ರಕ್ಕೆ ಅವನ್ನು ಆದಾಯದಿಂದ ಕಳೆಯುವಂತಿಲ್ಲ ಎಂದಿತು. ಮೋಟಾರು ಅಪಘಾತದ ಪರಿಹಾರಕ್ಕೆ ಅಲೆಯುವವರೂ ನೆನಪಿಡಬೇಕಾದ ಮಾತಿದು.

ಕ್ರಿಮಿನಲ್ ಪ್ರಕರಣದ ದಾರಿ ಬೇರೆ. ಸೆಷನ್ಸ್ ಕೋರ್ಟ್ ಮರಣದಂಡನೆ ಕೊಟ್ಟರೆ ಹೈಕೋರ್ಟ್ ಖಚಿತಪಡಿಸುವ ತನಕ ಅದು ಜಾರಿಗೆ ಬರುವಂತಿಲ್ಲ. ಹೈಕೋರ್ಟ್ ಸಾಕ್ಷ್ಯವನ್ನು ತಾನೇ ತೂಗಿ ನೋಡಬೇಕು. ಸಯನೈಡ್ ಸರಣಿ ಕೊಲೆ ಪ್ರಕರಣವೊಂದರಲ್ಲಿ ಮಂಗಳೂರಿನ ಕೋರ್ಟ್ 2013ರಲ್ಲಿ ವಿಧಿಸಿದ ಮರಣದಂಡನೆಯನ್ನು ಹೈಕೋರ್ಟ್ 2017ರಲ್ಲಿ ಜೀವಾವಧಿಗೆ ಇಳಿಸಿದ್ದು ಹೀಗೆ. ಅಪರಾಧ ಸಾಬೀತಾದದ್ದು ಉಳಿಯಿತು, ಶಿಕ್ಷೆ ಬದಲಾಯಿತು.

ವಾಮಂಜೂರಿನಲ್ಲಿ 1994ರಲ್ಲಿ ನಡೆದ ನಾಲ್ವರ ಕೊಲೆಯ ಕಥೆ ಇನ್ನೂ ವಿಚಿತ್ರ. 2003ರಲ್ಲಿ ಮರಣದಂಡನೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟೇ 2014ರ ಜನವರಿಯಲ್ಲಿ ಅದನ್ನು ಜೀವಾವಧಿಗೆ ಇಳಿಸಿತು. ಮೊದಲ ತೀರ್ಪು ತಪ್ಪೆಂದು ಅದು ಹೇಳಲಿಲ್ಲ. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಇತ್ಯರ್ಥವಾಗದೆ ಬಿದ್ದಿತ್ತು, ಆ ವಿಳಂಬವೇ ಕಾರಣವಾಯಿತು. ಅಂದು ಕೋರ್ಟಿನ ಮುಂದಿದ್ದದ್ದು ಮೇಲ್ಮನವಿಯಲ್ಲ, ರಿಟ್ ಅರ್ಜಿ.

ಆಸ್ತಿ ದಾವೆಗೆ ಬಂದರೆ ಬಾಗಿಲು ಇನ್ನೂ ಕಿರಿದು. ಮೊದಲ ಮೇಲ್ಮನವಿಯಲ್ಲಿ ಸತ್ಯಾಂಶ, ಕಾನೂನು ಎರಡನ್ನೂ ಎತ್ತಬಹುದು. ಹೈಕೋರ್ಟಿಗೆ ಎರಡನೇ ಮೇಲ್ಮನವಿ ಹೋಗಬೇಕಾದರೆ ಮಹತ್ವದ ಕಾನೂನು ಪ್ರಶ್ನೆಯೊಂದು ಇರಲೇಬೇಕು. ತೋಟದ ಗಡಿ ಇಂಥ ಕಡೆಯೇ ಎಂದು ಕೆಳಗಿನ ಎರಡೂ ಕೋರ್ಟುಗಳು ಸಾಕ್ಷ್ಯ ನೋಡಿ ಒಪ್ಪಿದ್ದರೆ, ಹೈಕೋರ್ಟ್ ಸಾಮಾನ್ಯವಾಗಿ ಅದನ್ನು ಕೆದಕುವುದಿಲ್ಲ. ನಮ್ಮ ಜಿಲ್ಲೆಯವರಿಗೆ ಹೈಕೋರ್ಟ್ ಎಂದರೆ ಬೆಂಗಳೂರೇ. ಧಾರವಾಡ, ಕಲಬುರಗಿಗಳಲ್ಲಿ ಪೀಠಗಳಿದ್ದರೂ ಅವು ಉತ್ತರದ ಜಿಲ್ಲೆಗಳಿಗೆ. ಹಾಗಾಗಿ ಘಟ್ಟ ಹತ್ತುವ ಮುನ್ನ ಹಿಡಿದು ಕೇಳುವಂಥ ಕಾನೂನು ಪ್ರಶ್ನೆ ಇದೆಯೇ ಎಂದು ವಕೀಲರಲ್ಲಿ ವಿಚಾರಿಸುವುದು ಒಳ್ಳೆಯದು.

ಆದ್ದರಿಂದ ‘ತೀರ್ಪು ರದ್ದು’ ಎಂಬ ಸುದ್ದಿ ಓದಿದಾಗ ಬದಲಾದದ್ದು ಸತ್ಯಾಂಶವೋ, ನಿಯಮದ ಓದೋ, ಮೊತ್ತವೋ, ಶಿಕ್ಷೆಯೋ ಎಂದು ನೋಡಿ. ನಿಮ್ಮದೇ ದಾವೆಯಿದ್ದರೆ ಎರಡು ಮಾತು: ಸಿವಿಲ್ ಡಿಕ್ರಿಯ ವಿರುದ್ಧ ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ ಗಡುವು; ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಲೆಕ್ಕಿಸುವುದಿಲ್ಲ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿಯ ಜಾರಿ ನಿಲ್ಲುವುದಿಲ್ಲ, ತಡೆಯಾಜ್ಞೆಯನ್ನು ಬೇರೆಯಾಗಿ ಕೇಳಿ ಪಡೆಯಬೇಕು.