ಸೈನಿಕ ಹುಳುವಿನ ಸಂತತಿಯೂ ಆಸರೆ ಬೆಳೆಗಳೂ

ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗ ಜಿಲ್ಲೆಯ ಮುಸುಕಿನ ಜೋಳದ ಹೊಲಗಳಲ್ಲಿ. ಜೋಳ, ರಾಗಿಗಳಲ್ಲಿ ಹಿಂದಿನಿಂದಲೂ ಕಾಣುತ್ತಿದ್ದ ಸೈನಿಕ ಹುಳುವೇ ಬೇರೆ, ಇದೇ ಬೇರೆ. ಬೆಳೆದ ಹುಳುವಿನ ತಲೆಯ ಮೇಲೆ ತಲೆಕೆಳಗಾದ 'ವೈ' ಅಕ್ಷರದಂತಹ ಬಿಳಿ ಗೆರೆಯೂ ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳೂ ಇರುತ್ತವೆ.

ಈ ಕೀಟವು 350ಕ್ಕೂ ಹೆಚ್ಚು ಬಗೆಯ ಸಸ್ಯಗಳನ್ನು ತಿನ್ನುವುದಾಗಿ ದಾಖಲಾಗಿದೆ. ಆದರೆ ತಿನ್ನುವ ಗಿಡಗಳಲ್ಲೆಲ್ಲ ಇದರ ಸಂತತಿ ಒಂದೇ ಸಮನೆ ಬೆಳೆಯುವುದಿಲ್ಲ. ಹತೋಟಿಯ ಗುಟ್ಟು ಇರುವುದು ಈ ವ್ಯತ್ಯಾಸದಲ್ಲಿಯೇ.

ಬೆಳೆಯಿಂದ ಬೆಳೆಗೆ ವ್ಯತ್ಯಾಸ

ಮುಸುಕಿನ ಜೋಳ ಇದಕ್ಕೆ ಅಚ್ಚುಮೆಚ್ಚು. ಎಳೆಯ ಸುಳಿಯಲ್ಲಿ ಮೃದುವಾದ ಆಹಾರವೂ ಬಿಸಿಲು ಮತ್ತು ಶತ್ರುಗಳಿಂದ ಮರೆಯೂ ದೊರೆಯುತ್ತವೆ. ಅಲ್ಲಿ ಮರಿಹುಳು ಬೇಗ ಬಲಿಯುತ್ತದೆ, ಕೋಶ ದಪ್ಪವಾಗುತ್ತದೆ, ಅದರಿಂದ ಹೊರಬರುವ ಹೆಣ್ಣು ಪತಂಗ ಹೆಚ್ಚು ಮೊಟ್ಟೆ ಇಡುತ್ತದೆ. ಬೆಚ್ಚನೆಯ ಹವೆಯಲ್ಲಿ ಸುಮಾರು ಒಂದು ತಿಂಗಳಲ್ಲಿ ಒಂದು ಪೀಳಿಗೆ ಮುಗಿಯುತ್ತದೆ. ಜೋಳ, ರಾಗಿ, ಕಬ್ಬುಗಳಲ್ಲಿಯೂ ಇದು ಬದುಕಬಲ್ಲದು. ಒಗ್ಗದ ಗಿಡದ ಮೇಲಾದರೆ ಅನೇಕ ಮರಿಗಳು ಸಣ್ಣದಿರುವಾಗಲೇ ಸಾಯುತ್ತವೆ. ಉಳಿದವು ನಿಧಾನವಾಗಿ ಬೆಳೆಯುವುದರಿಂದ ಪರತಂತ್ರ ಜೀವಿಗಳಿಗೂ ಹಕ್ಕಿಗಳಿಗೂ ಹೆಚ್ಚು ದಿನ ಸಿಕ್ಕುತ್ತವೆ.

ಒಂದು ಸರಳ ಲೆಕ್ಕ

ತಿಳಿವಳಿಕೆಗಾಗಿ ಮಾತ್ರ ಈ ಲೆಕ್ಕ: ಒಳ್ಳೆಯ ಆಸರೆಯಲ್ಲಿ ಒಂದು ಹೆಣ್ಣು 1,000 ಮೊಟ್ಟೆ ಇಟ್ಟು, 100ಕ್ಕೆ 2ರಂತೆ ಪತಂಗಗಳಾದವೆಂದು ಭಾವಿಸೋಣ. ಒಟ್ಟು 20 ಪತಂಗಗಳಲ್ಲಿ 10 ಹೆಣ್ಣು. ಮೂರು ಪೀಳಿಗೆಗಳ ನಂತರ 1,000 ಹೆಣ್ಣು. ಒಗ್ಗದ ಆಸರೆಯಲ್ಲಿ ಮೊಟ್ಟೆ 500ಕ್ಕೆ ಇಳಿದು, 100ಕ್ಕೆ 1ರಂತೆ ಉಳಿದರೆ ಮೂರು ಪೀಳಿಗೆಗಳ ನಂತರ ಇರುವುದು ಸುಮಾರು 16 ಹೆಣ್ಣು ಮಾತ್ರ. ಮೊಟ್ಟೆಯೂ ಬದುಕುಳಿಯುವಿಕೆಯೂ ಅರ್ಧವಾದರೆ ಸಂತತಿ ಅರವತ್ತು ಪಟ್ಟು ತಗ್ಗುತ್ತದೆ.

ಹಸಿರು ಸೇತುವೆ

ಈ ಕೀಟಕ್ಕೆ ಸುಪ್ತಾವಸ್ಥೆ ಇಲ್ಲ. ಉತ್ತರ ಅಮೆರಿಕದ ಹಿಮ ಬೀಳುವ ಪ್ರದೇಶಗಳಲ್ಲಿ ಚಳಿಗಾಲಕ್ಕೆ ಸತ್ತು, ಮರುವರ್ಷ ದಕ್ಷಿಣದ ಬೆಚ್ಚನೆಯ ಭಾಗಗಳಿಂದ ಹಾರಿಬರುತ್ತದೆ. ಕರ್ನಾಟಕದಲ್ಲಿ ಅಂತಹ ತಡೆ ಇಲ್ಲ. ಮುಂಗಾರಿನ ಬೆಳೆ ಮುಗಿಯುವಷ್ಟರಲ್ಲಿ ನೀರಾವರಿಯ ಹಿಂಗಾರಿ ಬೆಳೆ, ಅದರ ಹಿಂದೆ ಬೇಸಿಗೆಯ ಮೇವಿನ ಜೋಳ, ನಡುನಡುವೆ ತಾನಾಗಿ ಹುಟ್ಟಿದ ಕೂಳೆ ಗಿಡಗಳು ಇದ್ದರೆ ಹುಳುವಿಗೆ ವರ್ಷವಿಡೀ ಎಳೆಯ ಸುಳಿ ದೊರೆಯುತ್ತದೆ. ಒಂದೇ ಊರಿನಲ್ಲಿ ವಾರಕ್ಕೊಬ್ಬರಂತೆ ಬಿತ್ತಿದರೂ ಇದೇ ಕಥೆ. ಮೊದಲು ಬಿತ್ತಿದವರ ಹೊಲದಲ್ಲಿ ಹುಟ್ಟಿದ ಪತಂಗ ಕೊನೆಗೆ ಬಿತ್ತಿದವರ ಪೈರನ್ನು ಹಾಳುಮಾಡುತ್ತದೆ.

ರೈತರು ಕೈಗೊಳ್ಳಬೇಕಾದ ಕ್ರಮಗಳು

1. ಊರಿನವರೆಲ್ಲ ಒಪ್ಪಿ ಆದಷ್ಟು ಒಂದೇ ಸಮಯದಲ್ಲಿ ಬಿತ್ತನೆ ಮಾಡುವುದು.

2. ಕಟಾವಿನ ನಂತರ ಕೂಳೆ ಗಿಡಗಳನ್ನು ಕಿತ್ತು, ಆಳವಾಗಿ ಉಳುವುದು. ಮಣ್ಣಿನಲ್ಲಿರುವ ಕೋಶಗಳು ಮೇಲೆ ಬಂದು ಬಿಸಿಲಿಗೂ ಹಕ್ಕಿಗಳಿಗೂ ಬಲಿಯಾಗುತ್ತವೆ.

3. ಮುಸುಕಿನ ಜೋಳದ ನಂತರ ಮತ್ತೆ ಅದನ್ನೇ ಬಿತ್ತದೆ ದ್ವಿದಳ ಧಾನ್ಯಗಳನ್ನು ಬೆಳೆಯುವುದು. ತೊಗರಿ, ಉದ್ದು ಅಥವಾ ಹೆಸರನ್ನು ಅಂತರ ಬೆಳೆಯಾಗಿಯೂ ಹಾಕಬಹುದು.

4. ಹೊಲದ ಸುತ್ತ 3–4 ಸಾಲು ನೇಪಿಯರ್ ಹುಲ್ಲನ್ನು ಬಲೆ ಬೆಳೆಯಾಗಿ ಬೆಳೆಸಿ, ಅದರಲ್ಲಿ ಹಾನಿ ಕಂಡೊಡನೆ ಶೇ. 5ರ ಬೇವಿನ ಬೀಜದ ಕಷಾಯ ಸಿಂಪಡಿಸುವುದು. ಹಾಗೆಯೇ ಬಿಟ್ಟರೆ ಬಲೆ ಬೆಳೆಯೇ ಹುಳುವಿನ ತವರಾದೀತು.

5. ಪೈರು ಮೊಳೆತಂದಿನಿಂದ ವಾರಕ್ಕೆರಡು ಬಾರಿ ಹೊಲ ನೋಡಿ, ಎಲೆಗಳ ಮೇಲಿನ ಮೊಟ್ಟೆಯ ಗುಂಪುಗಳನ್ನು ಹಿಸುಕಿ ನಾಶಮಾಡುವುದು. 100 ಎಳೆಯ ಗಿಡಗಳಲ್ಲಿ 5ರಲ್ಲಿ ಹಾನಿ ಕಂಡರೆ ಬೇವಿನ ಕಷಾಯ ಸಿಂಪಡಿಸುವುದು.

ಹುಳು ಬಲಿತು ಸುಳಿಯ ಆಳಕ್ಕೆ ಇಳಿದು, ಮೇಲೆ ಹಿಕ್ಕೆ ತುಂಬಿದ ಮೇಲೆ ಔಷಧಿ ಅದಕ್ಕೆ ತಗಲುವುದು ಕಷ್ಟ. ಖರ್ಚು ಹೆಚ್ಚು, ಫಲ ಕಡಿಮೆ. ಪತಂಗವು ಬಹುದೂರ ಹಾರುವುದರಿಂದ ಒಬ್ಬರ ಹೊಲದ ಕೆಲಸ ಮಾತ್ರ ಸಾಲದು. ಬಿತ್ತನೆಗೆ ಮೊದಲೇ ಊರಿನ ರೈತರು ಕುಳಿತು ಬಿತ್ತನೆಯ ದಿನಗಳನ್ನು ಗೊತ್ತುಮಾಡಿಕೊಂಡರೆ ಹಸಿರು ಸೇತುವೆ ಮುರಿಯುವ ಕೆಲಸ ಅಲ್ಲಿಂದಲೇ ಮೊದಲಾಗುತ್ತದೆ.