ಹೊಟ್ಟೆನೋವಿನ ಹಿಂದಿನ ನೋವು

ಪ್ರಶ್ನೆ: ಮಗಳು ಹತ್ತನೇ ತರಗತಿ. ಮೂರು ವಾರದಿಂದ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಭಾನುವಾರ ಇರುವುದಿಲ್ಲ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಸರಿಯಿದೆ. ರಾತ್ರಿ ನಿದ್ದೆಯಿಲ್ಲ. ಅವರಪ್ಪ ‘ನಾಟಕ’ ಎಂದು ಬೈಯುತ್ತಾರೆ. ಮಾದಪ್ಪನಿಗೆ ಹರಕೆ ಹೊತ್ತಿದ್ದೇನೆ. ಇದು ಏನು ಕಾಯಿಲೆ, ಡಾಕ್ಟ್ರೇ?
– ಒಬ್ಬ ತಾಯಿ, ಹನೂರು

ಉತ್ತರ: ತಾಯಿ, ನೋವು ನಿಜವಾದದ್ದೇ. ಭಯವಾದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಏರಿ ಕರುಳಿನ ಚಲನೆ ಏರುಪೇರಾಗುತ್ತದೆ. ಅದು ಸ್ಕ್ಯಾನಿಂಗಿನಲ್ಲಿ ಕಾಣುವುದಿಲ್ಲ. ಭಾನುವಾರ ನೋವಿಲ್ಲ ಎಂದು ನೀವೇ ಗುರುತಿಸಿದ್ದೀರಿ, ಅದೇ ದೊಡ್ಡ ಸುಳಿವು. ಕೂಸನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ಶಾಲೆಯಲ್ಲಿ, ಬಸ್ಸಿನಲ್ಲಿ ಯಾರಾದರೂ ಕಾಡುತ್ತಿದ್ದಾರೆಯೇ? ‘ಫೇಲಾದರೆ ಮದುವೆ ಮಾಡಿಬಿಡುತ್ತೇವೆ’ ಎಂದು ಮನೆಯಲ್ಲಿ ಯಾರಾದರೂ ಅಂದಿದ್ದಾರೆಯೇ? ಹದಿನೆಂಟು ತುಂಬದೆ ಮದುವೆ ಮಾಡುವುದು ಅಪರಾಧ. ಆ ಮಾತಿನ ಹೆದರಿಕೆಯೊಂದೇ ಮಗುವಿನ ನಿದ್ದೆ ಕೆಡಿಸಲು ಸಾಕು. 2024ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಅದೇ ವರ್ಷ ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಇದನ್ನು ಅವಳಿಗೆ ಅಪ್ಪನ ಬಾಯಿಂದಲೇ ಹೇಳಿಸಿ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹರಕೆ ತೀರಿಸಿ, ಆದರೆ ವೈದ್ಯರ ಭೇಟಿಯನ್ನು ಮುಂದೂಡಬೇಡಿ.

ಪ್ರಶ್ನೆ: ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗ. ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಸೈನ್ಸ್ ಓದುತ್ತಿದ್ದೇನೆ. ಹತ್ತರವರೆಗೆ ಕನ್ನಡ ಮಾಧ್ಯಮ. ಈಗ ಇಂಗ್ಲಿಷ್ ಪಾಠ ತಲೆಗೆ ಹತ್ತುತ್ತಿಲ್ಲ. ನನ್ನ ಮಾತಿಗೆ ನಗುತ್ತಾರೆ. ನಮ್ಮ ಪೋಡಿಗೆ (ಹಾಡಿಗೆ) ವಾಪಸ್ ಹೋಗಿಬಿಡಲೇ?
– ಯಳಂದೂರು ತಾಲ್ಲೂಕಿನ ವಿದ್ಯಾರ್ಥಿ

ಉತ್ತರ: ತಮ್ಮಾ, ನಿನಗೆ ತೊಡಕಾಗಿರುವುದು ಭಾಷೆ. ಹತ್ತನೆಯ ತರಗತಿಯವರೆಗೆ ವಿಜ್ಞಾನ ಓದಿ ಪಾಸಾದ ಬುದ್ಧಿ ಇಷ್ಟರಲ್ಲೇ ಎಲ್ಲಿಗೂ ಹೋಗಿರುವುದಿಲ್ಲ. ದಿನಕ್ಕೆ ಐದು ಪದಗಳ ಅರ್ಥವನ್ನು ಕನ್ನಡದಲ್ಲಿ ಬರೆದುಕೋ. ಪಾಠವನ್ನು ಮೊದಲು ಕನ್ನಡದಲ್ಲೇ ಅರ್ಥಮಾಡಿಕೋ. ನಗುವವರ ಬಗ್ಗೆ ವಾರ್ಡನ್‌ಗೆ ತಿಳಿಸು. ಬುಡಕಟ್ಟಿನ ಹೆಸರು ಹಿಡಿದು ಹೀಯಾಳಿಸುವುದನ್ನು ನೀನು ಸಹಿಸಬೇಕಿಲ್ಲ. ಮನಸ್ಸು ಭಾರವಾದ ರಾತ್ರಿ 14416ಕ್ಕೆ ಕರೆ ಮಾಡು. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಊರಿಗೆ ಹೋಗಿ ಅವ್ವನ ಕೈಯಡುಗೆ ಉಂಡು ಬಾ. ಓದು ಬಿಡುವ ತೀರ್ಮಾನವನ್ನು ಮಾತ್ರ ಬೇಸರದಲ್ಲಿ ಮಾಡಬೇಡ.

ಪ್ರಶ್ನೆ: ಚುರುಕಾಗಿದ್ದ ಹುಡುಗನೊಬ್ಬ ಈಗ ಯಾರೊಡನೆಯೂ ಸೇರುವುದಿಲ್ಲ. ‘ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ’ ಎಂದ. ಸಾಯುವ ಯೋಚನೆ ಇದೆಯೇ ಎಂದು ಕೇಳಿದರೆ, ಇಲ್ಲದ ವಿಚಾರ ತಲೆಗೆ ಹಾಕಿದಂತೆ ಆಗುವುದಿಲ್ಲವೇ?
– ಶಿಕ್ಷಕಿ, ಕೊಳ್ಳೇಗಾಲ

ಉತ್ತರ: ಆಗುವುದಿಲ್ಲ ಮೇಡಂ, ಇವತ್ತೇ ಕೇಳಿ. ನೇರವಾಗಿ, ಮೆತ್ತಗೆ, ಒಬ್ಬನೇ ಇರುವಾಗ ಕೇಳಿ. ಹೊತ್ತು ತಿರುಗುತ್ತಿದ್ದ ಮಾತನ್ನು ಇಳಿಸಲು ಅವನಿಗೊಂದು ಜಾಗ ಸಿಗುತ್ತದೆ. ಬುದ್ಧಿವಾದ ಬೇಡ, ‘ಗುಟ್ಟಾಗಿಡುತ್ತೇನೆ’ ಎಂಬ ಮಾತೂ ಬೇಡ. ‘ಹೌದು’ ಎಂದರೆ ಒಂಟಿಯಾಗಿ ಬಿಡದೆ ಮನೆಯವರನ್ನು ಕರೆಸಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಹೊಲಕ್ಕೆ ತಂದ ಕ್ರಿಮಿನಾಶಕವನ್ನು ಬೀಗದಲ್ಲಿಡಲು ಹೇಳಿ. ತುರ್ತಿಲ್ಲದವರಿಗೆ ‘ಮನೋಚೈತನ್ಯ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ. ಈ ಹುಡುಗನ ವಿಷಯದಲ್ಲಿ ಮಾತ್ರ ಮಂಗಳವಾರದವರೆಗೆ ಕಾಯಬೇಡಿ. ಅವನು ನಿಮ್ಮನ್ನು ನಂಬಿ ಅರ್ಧ ಹೇಳಿದ್ದಾನೆ. ಉಳಿದರ್ಧ ನೀವು ಕೇಳಲೆಂದು ಕಾಯುತ್ತಿರಬಹುದು.